ಹಸಿವೆಯ ಬೀಗದ ಕೈ

ಹಸಿವೆಯನ್ನು ನಾವು ಕರೆಯದೆ ಬರುವ ನೆಂಟನೆಂದೇ ಬಗೆದಿದ್ದೇವೆ. ಅದನ್ನು ಗೆಲ್ಲುವುದು ತಪಸ್ಸು. ಇತರರ ಹಸಿವೆಯನ್ನು ನೀಗುವುದು ಧರ್ಮ. ಆದರೆ ಅರ್ಬುದರೋಗದಿಂದ ದಿನದಿನಕ್ಕೂ ಕರಗುತ್ತಿರುವವರ ಮುಂದೆ ಬಡಿಸಿಟ್ಟ ಅನ್ನ ಹಾಗೆಯೇ ಆರಿಹೋಗುವುದನ್ನು ಕಂಡವರು, ಹಸಿವೆಯೂ ಒಂದು ಸಂಪತ್ತೆಂಬುದನ್ನು ಬಲ್ಲರು. ಕಳೆದುಹೋದ ಆ ಸಂಪತ್ತನ್ನು ಔಷಧದಿಂದ ಮರಳಿ ಪಡೆಯಬಹುದೆ?

ಈ ಪ್ರಶ್ನೆಯ ಹಿಂದೆ ಸ್ವಾರಸ್ಯವಾದ ಕಥೆಯೊಂದಿದೆ. ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸಬಲ್ಲ ಕೃತಕ ವಸ್ತುಗಳನ್ನು ವಿಜ್ಞಾನಿಗಳು ಮೊದಲೇ ರಚಿಸಿದ್ದರು. ಅವು ಹೋಗಿ ಕೂಡುವ ಗ್ರಾಹಕವೆಂದರೆ ಜೀವಕೋಶದ ಪೊರೆಯಲ್ಲಿ ಬೀಗದಂತಿರುವ ಒಂದು ಪ್ರೋಟೀನು. 1996ರಲ್ಲಿ ಅಮೆರಿಕದ ಮರ್ಕ್ ಸಂಸ್ಥೆಯ ಸಂಶೋಧಕರು ಅದನ್ನು ಗುರುತಿಸಿದರು. ಬೀಗವೇನೋ ದೊರೆಯಿತು, ಪ್ರಕೃತಿ ಅದಕ್ಕೆಂದು ಮಾಡಿದ ಬೀಗದ ಕೈ ಎಲ್ಲಿ? 1999ರಲ್ಲಿ ಜಪಾನಿನ ಮಸಯಾಸು ಕೊಜಿಮಾ, ಕೆಂಜಿ ಕಂಗಾವಾ ಮತ್ತು ಸಂಗಡಿಗರಿಗೆ ಅದು ಸಿಕ್ಕಿದ್ದು ಮಿದುಳಿನಲ್ಲಲ್ಲ, ಇಲಿಯ ಜಠರದಲ್ಲಿ! 28 ಅಮೈನೊ ಆಮ್ಲಗಳ ಆ ಸರಪಣಿಗೆ ‘ಗ್ರೆಲಿನ್’ ಎಂದು ಹೆಸರಿಟ್ಟರು. ‘ಬೆಳೆ’ ಎಂಬರ್ಥದ ಪ್ರಾಚೀನ ಇಂಡೋ-ಯುರೋಪಿಯನ್ ಧಾತುವೊಂದು ಆ ಹೆಸರಿನಲ್ಲಿ ಅಡಗಿದೆ. ಹೆಸರು ಬೆಳವಣಿಗೆಯದಾದರೂ ಹಸಿವೆಯನ್ನು ಎಬ್ಬಿಸುವುದೂ ಇದರ ಕೆಲಸವೇ ಎಂದು ಬೇಗನೆ ತಿಳಿಯಿತು. ಊಟಕ್ಕೆ ಮುನ್ನ ಇದು ರಕ್ತದಲ್ಲಿ ಏರುತ್ತದೆ; ಉಂಡ ಮೇಲೆ ಇಳಿಯುತ್ತದೆ. ಹಸಿವೆಯೆಂಬುದು ಬರಿಯ ಬರಿದುತನವಲ್ಲ, ಹೊಟ್ಟೆ ಮಿದುಳಿಗೆ ಕಳುಹಿಸುವ ಓಲೆ.

ಓಲೆ ಬಾರದಾದವರಿಗೆ ವೈದ್ಯವಿಜ್ಞಾನ ಕಳ್ಳ ಕೈಯೊಂದನ್ನು ಮಾಡಿತು. ‘ಅನಮೊರೆಲಿನ್’ ಎಂಬ ಗುಳಿಗೆ ಇದೇ ಬೀಗವನ್ನು ತೆರೆಯುತ್ತದೆ. ಶ್ವಾಸಕೋಶದ ಅರ್ಬುದದಿಂದ ಕೃಶರಾದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ, 12 ವಾರಗಳ ಅವಧಿಯಲ್ಲಿ ಕೊಬ್ಬನ್ನು ಬಿಟ್ಟು ಉಳಿದ ಮೈತೂಕ ಹೆಚ್ಚಿತು. ಕೈಹಿಡಿತದ ಬಲ ಮಾತ್ರ ಹೆಚ್ಚಲಿಲ್ಲ. ಲಾಭ ಅಲ್ಪ, ಸುರಕ್ಷತೆಯ ದಾಖಲೆ ಸಾಲದು ಎಂದು ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ಅನುಮತಿ ನಿರಾಕರಿಸಿದರು. ಜಪಾನ್ 2021ರಲ್ಲಿ ಶ್ವಾಸಕೋಶ, ಜಠರ, ಮೇದೋಜೀರಕ ಗ್ರಂಥಿ, ದೊಡ್ಡ ಕರುಳು ಇವುಗಳ ಅರ್ಬುದದಿಂದ ಸೊರಗಿದವರಿಗೆ ಅನುಮತಿಸಿತು.

ಒಂದೇ ಗುಳಿಗೆಗೆ ಎರಡು ತೀರ್ಪು! ಬಲವನ್ನು ತಾರದ ತೂಕಕ್ಕೆ ಬೆಲೆಯೇನೆಂಬುದು ನ್ಯಾಯವಾದ ಪ್ರಶ್ನೆ. ‘ಇನ್ನೊಂದು ತುತ್ತು ಬಡಿಸಿ’ ಎಂದು ರೋಗಿಯೇ ಬಾಯಿಬಿಟ್ಟು ಕೇಳುವ ದಿನಕ್ಕೆ ಬೆಲೆಯಿಲ್ಲವೆ ಎಂಬುದೂ ಅಷ್ಟೇ ನ್ಯಾಯವಾದ ಪ್ರಶ್ನೆ. ಮೊದಲನೆಯದಕ್ಕೆ ತಕ್ಕಡಿಯೂ ಮಾಪಕವೂ ಉತ್ತರ ಹೇಳಿಯಾವು. ಎರಡನೆಯದನ್ನು ಬಡಿಸುವ ಕೈಯನ್ನೇ ಕೇಳಬೇಕು.