ಪಿಸುದನಿಗೆ ಕಿವಿಗೊಡುವ ಮಕ್ಕಳು

ಸಂಜೆ ದೀಪ ಹಚ್ಚಿದೊಡನೆ ಮಕ್ಕಳನ್ನು ಮಣೆಯ ಮೇಲೆ ಕುಳ್ಳಿರಿಸಿ, ಬೆನ್ನು ನೆಟ್ಟಗಿರಲಿ, ಕಣ್ಣು ಮುಚ್ಚಿರಿ, ಧ್ಯಾನಮಾಡಿರಿ ಎಂದು ಆಜ್ಞಾಪಿಸುವ ಹಿರಿಯರ ಸದುದ್ದೇಶವನ್ನು ನಾನು ಶಂಕಿಸಲಾರೆ. ಆದರೂ ಐದಾರು ವರ್ಷದ ಕೂಸಿಗೆ ಬಲವಂತವಾಗಿ ಮುಚ್ಚಿಸಿದ ಕಣ್ಣು ನಿದ್ರೆಯನ್ನೋ ಅಂಜಿಕೆಯನ್ನೋ ತರುವುದೇ ಹೆಚ್ಚು. ಅದೇ ಕೂಸು, ಇರುವೆಯೊಂದು ಅಕ್ಕಿನುಚ್ಚನ್ನು ಹೊತ್ತು ಸಾಗುವುದನ್ನು, ಊಟದ ಕರೆಯನ್ನೂ ಮರೆತು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಿರುವಾಗ, ಪತಂಜಲಿಯು ಅಷ್ಟಾಂಗಗಳಲ್ಲಿ ಧ್ಯಾನಕ್ಕಿಂತ ಮೊದಲಿರಿಸಿದ ಧಾರಣೆಯು, ಎಂದರೆ ಚಿತ್ತವನ್ನು ಒಂದೆಡೆ ನಿಲ್ಲಿಸುವಿಕೆಯು, ಯಾರ ಉಪದೇಶವೂ ಇಲ್ಲದೆ ಅಲ್ಲಿ ಸಿದ್ಧಿಸಿರುತ್ತದೆ. ನಾವೇ ಹೋಗಿ ಅದನ್ನು ಕೆಡಿಸುತ್ತೇವೆ. ಬುದ್ಧನಾಗುವ ಮೊದಲು ಉಗ್ರತಪಸ್ಸಿನಿಂದ ಬಸವಳಿದ ಗೌತಮನಿಗೆ ದಾರಿ ತೋರಿದುದೂ, ಬಾಲ್ಯದಲ್ಲಿ ತಂದೆಯು ಕೆಲಸದಲ್ಲಿ ತೊಡಗಿದ್ದಾಗ ನೇರಳೆಮರದ ತಂಪಿನಲ್ಲಿ ಒಬ್ಬನೇ ಕುಳಿತು ತಾನು ಅನುಭವಿಸಿದ ಪ್ರಶಾಂತಿಯ ಸ್ಮರಣೆಯೆಂದು ಬೌದ್ಧಗ್ರಂಥವಾದ ಮಜ್ಝಿಮನಿಕಾಯವು ಹೇಳುತ್ತದೆ.

ಈ ಸಹಜಶಕ್ತಿಯನ್ನು ಪೋಷಿಸುವ ಉಪಾಯವೊಂದನ್ನು ನಾನು ಕಂಡುದು ಮರಿಯಾ ಮಾಂಟೆಸ್ಸೊರಿಯವರಲ್ಲಿ. 1907ರಲ್ಲಿ ರೋಮಿನ ಬಡವರ ಕೇರಿಯಾದ ಸಾನ್ ಲೊರೆಂಜೊದಲ್ಲಿ ಶಿಶುಗೃಹವನ್ನು ತೆರೆದ ಆ ವೈದ್ಯೆ, ಒಂದು ದಿನ ನಾಲ್ಕು ತಿಂಗಳ ಹಸುಳೆಯನ್ನೆತ್ತಿಕೊಂಡು ಒಳಬಂದು, ಅದು ಎಷ್ಟು ನಿಶ್ಚಲವಾಗಿದೆ, ಎಷ್ಟು ಮೆಲ್ಲನೆ ಉಸಿರಾಡುತ್ತಿದೆ ಎಂಬುದರ ಕಡೆಗೆ ಮಕ್ಕಳ ಗಮನವನ್ನು ಸೆಳೆಯಲು, ಅವರೆಲ್ಲರೂ ತಾವೂ ಹಾಗಾಗಬೇಕೆಂದು ಸ್ತಬ್ಧರಾದರು. ಅಂದಿನಿಂದ ಹುಟ್ಟಿದ ಮೌನದ ಆಟದಲ್ಲಿ ಶಿಕ್ಷಕಿಯು ಪಕ್ಕದ ಕೋಣೆಗೆ ಸರಿದು ಒಬ್ಬೊಬ್ಬರ ಹೆಸರನ್ನೂ ಪಿಸುದನಿಯಲ್ಲಿ ಕರೆಯುವಳು. ಕರೆ ಕೇಳಿದ ಮಗು ಸಪ್ಪಳವಾಗದಂತೆ ಎದ್ದು ತುದಿಗಾಲಲ್ಲಿ ನಡೆದು ಬರುವುದು. ತನ್ನ ಹೆಸರಿಗಾಗಿ ಕಾಯುವ ಆ ಕಿವಿಯಲ್ಲಿ ಎಂಥ ಏಕಾಗ್ರತೆ! 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಆಕೆ, ಯುದ್ಧದ ದೆಸೆಯಿಂದ 1946ರವರೆಗೂ ಭಾರತದಲ್ಲಿಯೇ ಉಳಿದು ನಮ್ಮ ನೂರಾರು ಶಿಕ್ಷಕರನ್ನು ತಿದ್ದಿದರು.

ಮನೆಯಲ್ಲಿ ಇಂಥ ಮೌನದ ಆಟಕ್ಕೆ ಬೇಕಾದ ಸಲಕರಣೆ ದೇವರಮನೆಯ ಗಂಟೆಯೊಂದೇ. ಅದನ್ನು ಒಮ್ಮೆ ಬಾರಿಸಿ, ನಾದವು ಪೂರ್ತಿ ಅಡಗಿತೆನಿಸಿದಾಗ ಕೈಯೆತ್ತೆಂದು ಹೇಳಿದರೆ ಸಾಕು. ಎರಡು ನಿಮಿಷ ಮೀರಬಾರದು, ಬೇಸರವಾದರೆ ನಾಳೆ ನೋಡೋಣವೆನ್ನಬೇಕು, ತುಂಟತನಕ್ಕೆ ದಂಡನೆಯಾಗಿ ಇದನ್ನು ಎಂದಿಗೂ ವಿಧಿಸಕೂಡದು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ಮೊಬೈಲನ್ನು ತಡವುತ್ತಾ ಮಗುವಿಗೆ ಮೌನವನ್ನು ಬೋಧಿಸುವುದು ಆಗದ ಮಾತು. ಹಿರಿಯರೂ ಪಕ್ಕದಲ್ಲಿ ಕುಳಿತು ಅದೇ ನಾದಕ್ಕೆ ಕಿವಿಗೊಡಬೇಕು.

ನಮ್ಮ ಮನೆಯಲ್ಲಿ ಈ ಆಟವನ್ನು ಆರಂಭಿಸಿದ ಮೂರನೆಯ ಸಂಜೆ, ನನ್ನ ಕೈ ಮೇಲೆದ್ದು ಬಹಳ ಹೊತ್ತಾದರೂ ಮೊಮ್ಮಗಳ ಕೈ ತೊಡೆಯ ಮೇಲೆಯೇ ಇತ್ತು. ಏಕೆಂದು ಕೇಳಿದೆ. “ತಾತ, ನನಗಿನ್ನೂ ಕೇಳಿಸ್ತಾ ಇದೆ” ಎಂದಳು.