ಕಿವಿಯ ಖಾತೆಯಲ್ಲಿ ಖರ್ಚು ಮಾತ್ರ, ಜಮಾ ಇಲ್ಲ

ಇದನ್ನ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರು ಒಂದ್ಸಲ ವಾಲ್ಯೂಮ್ ಎಷ್ಟಿದೆ ನೋಡ್ಕೊಳ್ಳಿ. ಇವತ್ತಿನ ವಿಷಯ ಕಿವಿ ಮಂದ ಆಗೋದು. ಅದು ಯಾಕೆ ಆಗುತ್ತೆ, ಎಷ್ಟನ್ನ ತಡೀಬಹುದು, ಆದ ಮೇಲೆ ಏನು ದಾರಿ ಅನ್ನೋದನ್ನ ನೋಡೋಣ.

ನಾನು ಡಾಕ್ಟರ್ ಅಲ್ಲ, ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಈ ವಿಷಯ ಅರ್ಥ ಆಗಿದ್ದು ಲೆಕ್ಕದ ಭಾಷೆಯಲ್ಲಿ. ಕಿವಿಯ ನಷ್ಟದಲ್ಲಿ ಎರಡು ಬಗೆ. ಒಂದು ಸರಿಪಡಿಸೋಕೆ ಆಗೋದು, ಇನ್ನೊಂದು ಒಮ್ಮೆ ಹೋದ್ರೆ ವಾಪಸ್ ಬರದೇ ಇರೋದು. ನಾವು ಮೊದಲನೆಯದಕ್ಕೆ ಮನೆಮದ್ದು ಮಾಡಿ ಕೆಡಿಸ್ಕೋತೀವಿ, ಎರಡನೆಯದನ್ನ ವರ್ಷಗಟ್ಟಲೆ ಗಮನಿಸೋದೇ ಇಲ್ಲ.

ಶಬ್ದ ಒಳಗೆ ಹೋಗೋ ದಾರಿ

ಶಬ್ದ ಕಿವಿಯ ನಾಳದಲ್ಲಿ ಹೋಗಿ ತಮಟೆಯನ್ನ ಅಲುಗಾಡಿಸುತ್ತೆ. ಅದರ ಹಿಂದೆ ಮೂರು ಪುಟ್ಟ ಮೂಳೆಗಳಿವೆ, ಅವು ಆ ಅಲುಗಾಟವನ್ನ ಒಳಗಿವಿಗೆ ದಾಟಿಸ್ತವೆ. ಅಲ್ಲಿರೋದು ಬಸವನಹುಳುವಿನ ಚಿಪ್ಪಿನ ಆಕಾರದ ಕಾಕ್ಲಿಯ. ಅದರೊಳಗೆ ಹುಟ್ಟಿದಾಗ ಸುಮಾರು 15 ಸಾವಿರ ರೋಮಕೋಶಗಳಿರ್ತವೆ. ಅಲುಗಾಟವನ್ನ ನರಕ್ಕೆ ಅರ್ಥವಾಗೋ ಸಂಕೇತವಾಗಿ ಬದಲಾಯಿಸೋದು ಇವೇ. ಕೋಳಿಯ ಕಿವಿಯಲ್ಲಿ ಈ ಕೋಶ ಸತ್ತರೆ ಮತ್ತೆ ಹುಟ್ಟುತ್ತೆ, ಮನುಷ್ಯನಲ್ಲಿ ಹುಟ್ಟಲ್ಲ. ಅಂದ್ರೆ ಆ 15 ಸಾವಿರ ನಮಗೆ ಕೊಟ್ಟ ಬಂಡವಾಳ. ಖರ್ಚು ಆಗುತ್ತೆ, ಜಮಾ ಆಗಲ್ಲ.

ಸರಿಹೋಗೋ ನಷ್ಟ

ತೊಂದರೆ ಹೊರಗಿವಿ, ನಡುಗಿವಿಯಲ್ಲಿ ಇದ್ರೆ ಬಹಳಷ್ಟು ಸಲ ಚಿಕಿತ್ಸೆ ಇದೆ. ಗುಗ್ಗೆ ಕಟ್ಟಿಕೊಂಡಿದ್ರೆ ಡಾಕ್ಟರ್ ಹತ್ರ ಹತ್ತು ನಿಮಿಷದ ಕೆಲಸ. ತಮಟೆ ತೂತಾಗಿ ಕಿವಿ ಸೋರ್ತಾ ಇದ್ರೆ ಸೋಂಕಿಗೆ ಔಷಧ ಇದೆ, ಬೇಕಾದ್ರೆ ತಮಟೆಗೆ ತೇಪೆ ಹಾಕೋ ಆಪರೇಷನ್ ಇದೆ. ಮಧ್ಯದ ಮೂಳೆ ಬಿಗಿದುಕೊಂಡಿದ್ರೂ ಶಸ್ತ್ರಚಿಕಿತ್ಸೆ ಇದೆ.

ಆದ್ರೆ ನಾವು ಮಾಡೋದೇನು? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡ್ತೀವಿ. ಸೇಫ್ಟಿ ಪಿನ್, ಬೆಂಕಿಕಡ್ಡಿ, ಬಡ್ಸ್ ಹಾಕಿ ತಿರುಗಿಸ್ತೀವಿ. ಬಡ್ಸ್ ಗುಗ್ಗೆಯನ್ನ ಇನ್ನೂ ಒಳಕ್ಕೆ ತಳ್ಳುತ್ತೆ. ತಮಟೆ ತೂತಾಗಿದ್ರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತೆ. ಕಿವಿ ತನ್ನಷ್ಟಕ್ಕೆ ತಾನು ಸ್ವಚ್ಛ ಮಾಡ್ಕೊಳ್ಳುತ್ತೆ, ಒಳಗೆ ಏನನ್ನೂ ಹಾಕೋ ಅಗತ್ಯ ಇಲ್ಲ. ಮಗುವಿನ ಕಿವಿ ಸೋರ್ತಾ ಇದ್ರೆ ‘ದೊಡ್ಡದಾದ್ಮೇಲೆ ಸರಿಹೋಗುತ್ತೆ’ ಅಂತ ಬಿಡಬೇಡಿ. ವರ್ಷಗಟ್ಟಲೆ ಸೋರೋ ಕಿವಿ ಮೂಳೆಯನ್ನೂ ತಿನ್ನಬಹುದು.

ಸರಿಹೋಗದ ನಷ್ಟ

ರೋಮಕೋಶ, ನರ ಹಾಳಾದ್ರೆ ಅದು ಎರಡನೇ ಬಗೆ. ವಯಸ್ಸು ಒಂದು ಕಾರಣ. ಕೆಲವು ಔಷಧಗಳು ಇನ್ನೊಂದು. ಜೆಂಟಾಮೈಸಿನ್, ಅಮಿಕಾಸಿನ್‌ನಂಥ ಇಂಜೆಕ್ಷನ್‌ಗಳು, ಕ್ಯಾನ್ಸರ್‌ಗೆ ಕೊಡೋ ಸಿಸ್‌ಪ್ಲಾಟಿನ್ ಕಿವಿಗೆ ಪೆಟ್ಟು ಕೊಡಬಹುದು. ಹಾಗಂತ ಔಷಧ ನಿಲ್ಲಿಸಬಾರದು. ಕಿವಿಯಲ್ಲಿ ಗುಂಯ್ ಅನ್ನೋಕೆ ಶುರುವಾದ್ರೆ ಡಾಕ್ಟರಿಗೆ ತಕ್ಷಣ ಹೇಳಬೇಕು. ಗರ್ಭಿಣಿಗೆ ರುಬೆಲ್ಲಾ ಬಂದ್ರೆ ಮಗು ಕಿವುಡಾಗಿ ಹುಟ್ಟಬಹುದು, ಅದಕ್ಕೆ ಎಂಆರ್ ಲಸಿಕೆ ಇದೆ. 2017ರಲ್ಲಿ ಆ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸೋದರಮಾವ, ಅತ್ತೆಮಗ ಅಂತ ಹತ್ತಿರದ ಸಂಬಂಧದಲ್ಲೇ ಮದುವೆ ಆದಾಗ ವಂಶವಾಹಿಯಿಂದ ಬರೋ ಕಿವುಡುತನದ ಸಾಧ್ಯತೆ ಹೆಚ್ಚುತ್ತೆ. ಇದನ್ನ ಮನೆಗಳಲ್ಲಿ ಮುಕ್ತವಾಗಿ ಮಾತಾಡಬೇಕು.

ಇನ್ನು ನಮ್ಮ ಕೈಯಲ್ಲೇ ಇರೋ ಕಾರಣ ಶಬ್ದ. ವಿಶ್ವ ಆರೋಗ್ಯ ಸಂಸ್ಥೆ ಹಾಡು, ವಿಡಿಯೋ ಕೇಳೋದಕ್ಕೆ ಒಂದು ಬಜೆಟ್ ಹಾಕಿದೆ. 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ. 90 ಆದ್ರೆ ವಾರಕ್ಕೆ 4 ಗಂಟೆ. 100 ಆದ್ರೆ ವಾರಕ್ಕೆ ಬರೀ 20 ನಿಮಿಷ. ಡೆಸಿಬಲ್ ಸಾಲಿನ ಬಡ್ಡಿ ಥರ ಅಲ್ಲ, ಚಕ್ರಬಡ್ಡಿ ಥರ ಏರುತ್ತೆ. 3 ಡೆಸಿಬಲ್ ಹೆಚ್ಚಾದ್ರೆ ಶಬ್ದದ ಶಕ್ತಿ ದುಪ್ಪಟ್ಟು, ನಮಗೆ ಸಿಗೋ ಸಮಯ ಅರ್ಧ. ಬಸ್ಸಲ್ಲಿ ಗಲಾಟೆ ಅಂತ ನಾವು ಏರಿಸೋ ಎರಡು ಗೆರೆ ವಾಲ್ಯೂಮ್‌ನ ಬೆಲೆ ಅದು. ಫೋನಿನ ವಾಲ್ಯೂಮ್ 60 ಶೇಕಡಾ ದಾಟಿಸಬೇಡಿ ಅಂತಾನೂ ಅದೇ ಸಂಸ್ಥೆ ಹೇಳುತ್ತೆ.

ಇಯರ್‌ಫೋನ್ ನಮ್ಮ ಆಯ್ಕೆ. ಆದ್ರೆ ಶಬ್ದವೇ ಕೆಲಸದ ಜಾಗ ಆಗಿರೋರ ಕಥೆ ಬೇರೆ. ನನ್ನ ದೊಡ್ಡಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಮಗ್ಗ ಓಡಿಸಿದೋರು. ಮಗ್ಗದ ಶೆಡ್ಡಲ್ಲಿ ಪಕ್ಕದಲ್ಲಿ ನಿಂತೋರಿಗೂ ಕೂಗಿಯೇ ಹೇಳಬೇಕು. ನಮ್ಮ ಕಾರ್ಖಾನೆ ನಿಯಮಗಳಲ್ಲಿ ದಿನಕ್ಕೆ 8 ಗಂಟೆ 90 ಡೆಸಿಬಲ್ ತನಕ ಅವಕಾಶ ಇದೆ. ಹಾಡಿಗೆ ವಾರಕ್ಕೆ 4 ಗಂಟೆ ಅನ್ನೋ ಮಟ್ಟ, ದುಡಿಮೆಗೆ ವಾರಕ್ಕೆ 48 ಗಂಟೆ. ಒಂದು ಆರೋಗ್ಯ ಸಲಹೆ, ಇನ್ನೊಂದು ಕಾನೂನಿನ ಮಿತಿ ಅನ್ನೋದು ನಿಜ. ಆದ್ರೆ ಕಿವಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಅದೂ 1948ರ ಫ್ಯಾಕ್ಟರೀಸ್ ಕಾಯ್ದೆ ಪ್ರಕಾರ ಕರೆಂಟಲ್ಲಿ ನಡೆಯೋ ಜಾಗದಲ್ಲಿ ಹತ್ತು ಜನ ಕೆಲಸಗಾರರು ಇದ್ರೇನೇ ಅದು ಕಾರ್ಖಾನೆ ಅಂತ ಇತ್ತು. ಮನೆಯೊಳಗಿನ ನಾಲ್ಕು ಮಗ್ಗದ ಶೆಡ್ ಆ ಲೆಕ್ಕಕ್ಕೇ ಬರಲ್ಲ. ಇಂಥ ಕೆಲಸದಲ್ಲಿ ಇರೋರಿಗೆ ಫೋಮ್ ಇಯರ್‌ಪ್ಲಗ್ ಬೇಕು, ಅದು ದುಬಾರಿ ವಸ್ತುವೂ ಅಲ್ಲ. ಹತ್ತಿ ಉಂಡೆ ಶಬ್ದವನ್ನ ಹೆಚ್ಚೇನೂ ತಡೆಯಲ್ಲ.

ಶಬ್ದದಿಂದ ಹೋಗೋ ಕಿವಿ ಒಮ್ಮೆಲೇ ಹೋಗಲ್ಲ. ಮೊದಲು ಹೋಗೋದು ತೀಕ್ಷ್ಣ ಧ್ವನಿಗಳು, ಅಂದ್ರೆ ಸ, ಶ ಥರದ ಅಕ್ಷರಗಳು. ಊಟಕ್ಕೆ ಕೂತಾಗ ‘ಸಾಕು’ ಅಂದದ್ದು ‘ಹಾಕು’ ಅಂತ ಕೇಳುತ್ತೆ, ಇನ್ನೊಂದು ಸೌಟು ಸಾರು ಬೀಳುತ್ತೆ. ಮನೆಯವರು ನಗ್ತಾರೆ. ‘ಕೇಳುತ್ತೆ, ಆದ್ರೆ ಏನಂದ್ರು ಅಂತ ತಿಳಿಯಲ್ಲ’ ಅಂತ ಯಾರಾದ್ರೂ ಹೇಳಿದ್ರೆ ಅದು ಹಠ ಅಲ್ಲ, ಲಕ್ಷಣ.

ಕಾಯಲೇಬಾರದ ಎರಡು ಸಂದರ್ಭ

ಒಂದು, ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದೇ ಹೋಗೋದು. ರಾತ್ರಿ ಚೆನ್ನಾಗೇ ಇದ್ದು ಬೆಳಗ್ಗೆ ಎದ್ದಾಗ ಒಂದು ಕಡೆ ಬಂದ್ ಆದ ಹಾಗೆ ಅನ್ಸುತ್ತೆ. ಶೀತ ಇರಬೇಕು, ಗುಗ್ಗೆ ಇರಬೇಕು ಅಂತ ವಾರಗಟ್ಟಲೆ ಕಾಯ್ತಾರೆ. ಒಳಗಿವಿಗೆ ಪೆಟ್ಟು ಬಿದ್ದಿದ್ರೆ ಸ್ಟೀರಾಯ್ಡ್ ಚಿಕಿತ್ಸೆ ಕೊಡ್ತಾರೆ. ಅದು ಕೆಲಸ ಮಾಡೋ ಸಾಧ್ಯತೆ ಮೊದಲ ದಿನಗಳಲ್ಲೇ ಹೆಚ್ಚು, ಎರಡು ವಾರ ದಾಟಿದ್ರೆ ಕಡಿಮೆ ಆಗ್ತಾ ಹೋಗುತ್ತೆ. ಹಾಗಾಗಿ ಅದೇ ದಿನ, ತಪ್ಪಿದ್ರೆ ಮಾರನೇ ದಿನ ಇಎನ್‌ಟಿ ಡಾಕ್ಟರನ್ನ ನೋಡಿ.

ಎರಡು, ಹುಟ್ಟಿದ ಮಗು. ‘ತಟ್ಟೆ ಬೀಳಿಸಿ ನೋಡಿದ್ವಿ, ಬೆಚ್ಚಿಬಿತ್ತು, ಕೇಳುತ್ತೆ’ ಅಂತಾರೆ. ಮಗು ಬೆಚ್ಚಿದ್ದು ನೆಲದ ಅದುರಾಟಕ್ಕೂ ಇರಬಹುದು. ಮಲಗಿರೋ ಮಗುವಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಕೆಲವೇ ನಿಮಿಷದಲ್ಲಿ ಮಾಡೋ ಒಎಇ ಪರೀಕ್ಷೆ ಇದೆ, ನೋವಿಲ್ಲ. ವೈದ್ಯರ ಸೂತ್ರ 1-3-6: ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಮೆದುಳು ಭಾಷೆ ಕಲಿಯೋ ವಯಸ್ಸು ಅದು. ಶ್ರವಣ ಸಾಧನ ಆಗಲಿ, ಕಾಕ್ಲಿಯರ್ ಇಂಪ್ಲಾಂಟ್ ಆಗಲಿ, ಸಂಜ್ಞಾ ಭಾಷೆ ಆಗಲಿ, ಮಗುವಿಗೆ ಒಂದು ಭಾಷೆ ಬೇಗ ಸಿಗಬೇಕು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಇಂಪ್ಲಾಂಟ್‌ಗೂ ನೆರವು ಸಿಗುತ್ತೆ, ಆದ್ರೆ ಅದಕ್ಕೆ ವಯಸ್ಸಿನ ಮಿತಿ ಇದೆ. ತಡ ಮಾಡಿದ್ರೆ ಅವಕಾಶವೇ ತಪ್ಪಿಹೋಗಬಹುದು.

ಮಷಿನ್ ಮತ್ತು ಮರ್ಯಾದೆ

ಈಗ ದೊಡ್ಡೋರ ವಿಷಯ. ಕನ್ನಡಕ ಹಾಕಿದ್ರೆ ‘ಓದಿದೋರು’ ಅಂತೀವಿ, ಕಿವಿಗೆ ಮಷಿನ್ ಹಾಕಿದ್ರೆ ‘ಮುದುಕ ಆದ’ ಅಂತೀವಿ. ನನ್ನ ದೊಡ್ಡಪ್ಪ ಮದುವೆ ಮನೆಗಳಲ್ಲಿ ಮೂಲೆ ಕುರ್ಚಿ ಹುಡುಕಿ ಕೂರೋಕೆ ಶುರು ಮಾಡಿದಾಗ ಕೆಲವರು ‘ದೊಡ್ಡ ಮನುಷ್ಯ ಆಗ್ಬಿಟ್ರು, ಮಾತಾಡ್ಸಲ್ಲ’ ಅಂದ್ರು. ಮಾತಾಡ್ಸಿದ್ರೆ ಉತ್ತರ ತಪ್ಪಾಗುತ್ತೆ ಅನ್ನೋ ಹೆದರಿಕೆ ಅದು. ಹೀಗೆ ಜನರಿಂದ ದೂರ ಆಗೋದು ಸಣ್ಣ ವಿಷಯ ಅಲ್ಲ. ಮರೆವಿನ ಕಾಯಿಲೆಗೆ ಕಾರಣವಾಗಬಲ್ಲ, ಆದರೆ ನಾವು ತಗ್ಗಿಸಬಹುದಾದ ಅಪಾಯಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಆಯೋಗ ಶ್ರವಣ ದೋಷವನ್ನೂ ಸೇರಿಸಿದೆ.

ಮೊದಲು ಆಡಿಯೋಮೆಟ್ರಿ ಮಾಡಿಸಿ. ಯಾವ ಧ್ವನಿ ಎಷ್ಟು ಕೇಳುತ್ತೆ ಅನ್ನೋ ಗ್ರಾಫ್ ಅದು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಆಂಪ್ಲಿಫೈಯರ್ ಎಲ್ಲಾ ಶಬ್ದವನ್ನೂ ಒಂದೇ ಸಮ ಏರಿಸುತ್ತೆ. ಸರಿಯಾದ ಶ್ರವಣ ಸಾಧನವನ್ನ ಆ ಗ್ರಾಫ್ ನೋಡಿ, ಹೋಗಿರೋ ಧ್ವನಿಯನ್ನೇ ಏರಿಸೋ ಹಾಗೆ ಹೊಂದಿಸ್ತಾರೆ. ಮೊದಲ ಕೆಲವು ವಾರ ಫ್ಯಾನ್, ಪಾತ್ರೆ ಶಬ್ದ ಎಲ್ಲಾ ಜೋರಾಗಿ ಕೇಳಿ ಕಿರಿಕಿರಿ ಆಗುತ್ತೆ. ಬಹಳ ಜನ ಇಲ್ಲೇ ಸೋತು ಬೀರುವಿನಲ್ಲಿ ಇಡ್ತಾರೆ. ಮೆದುಳಿಗೆ ಅಭ್ಯಾಸ ಆಗೋಕೆ ಸಮಯ ಕೊಡಿ, ಮತ್ತೆ ಹೋಗಿ ಹೊಂದಿಸಿಕೊಂಡು ಬನ್ನಿ.

ದುಡ್ಡಿನ ಮಾತು. ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಲ್ಲಿ ಹಾಕಿದ್ರೆ ಕೇಳಿ. ಆದಾಯ ಕಡಿಮೆ ಇರೋರಿಗೆ ಅಡಿಪ್ ಯೋಜನೆಯಲ್ಲಿ ಸಿಗುತ್ತೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದ್ರೆ ಜನ ‘ಆಯಿಷ್’ ಅನ್ನೋ ಜಾಗ, ಪರೀಕ್ಷೆಯಿಂದ ಸಾಧನದ ತನಕ ಎಲ್ಲಾ ನೋಡುತ್ತೆ. ದೂರ ಆದ್ರೆ ನಿಮ್ಮ ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಿಂದ ಶುರು ಮಾಡಿ.

ಕಿವಿ ಮಂದ ಆದೋರ ಜೊತೆ ಮಾತಾಡೋದಕ್ಕೂ ಒಂದು ಕ್ರಮ ಇದೆ. ಕಿರುಚಬೇಡಿ, ಕಿರುಚಿದ್ರೆ ಪದ ಇನ್ನೂ ಕದಡುತ್ತೆ. ಎದುರಿಗೆ ಬಂದು, ಮುಖ ಕಾಣೋ ಹಾಗೆ, ನಿಧಾನವಾಗಿ ಹೇಳಿ. ಟಿವಿ ಆಫ್ ಮಾಡಿ ಹೇಳಿ. ‘ಏನಿಲ್ಲ ಬಿಡಿ’ ಅಂತ ಮಾತ್ರ ಅನ್ನಬೇಡಿ.

ಈ ವಾರ ಒಂದೇ ಕೆಲಸ. ನಿಮ್ಮ ಮನೆಯಲ್ಲಿ ಟಿವಿ ವಾಲ್ಯೂಮ್ ಏರಿಸ್ತಾ ಇರೋರು ಯಾರು ನೋಡಿ, ಅವರನ್ನ ಕರ್ಕೊಂಡು ಹೋಗಿ ಆಡಿಯೋಮೆಟ್ರಿ ಮಾಡಿಸಿ. ಪ್ರಶ್ನೆ ಇದ್ರೆ ಕಳಿಸಿ, ಉತ್ತರ ಹೇಳಬಲ್ಲ ಇಎನ್‌ಟಿ ಡಾಕ್ಟರ್ ಒಬ್ಬರನ್ನೇ ಕೂರಿಸಿಕೊಂಡು ಕೇಳೋಣ.