ಮಂಚದ ಕೆಳಗಿನ ಕಾರ್ಖಾನೆ

ಕುವೈತಿನ ನಮ್ಮ ಫ್ಲಾಟುಗಳಲ್ಲಿ ಎಲ್ಲದಕ್ಕೂ ಜಾಗವುಂಟು, ಅರ್ಧ ಮಾಡಿಟ್ಟ ಕೆಲಸಕ್ಕೆ ಮಾತ್ರ ಇಲ್ಲ. ಊಟದ ಮೇಜಿನ ಮೇಲೆ ಮಕ್ಕಳು ಕಾಗದದ ರಥ ಕಟ್ಟುತ್ತಾರೆ. ರಾತ್ರಿ ಎಂಟಾಯಿತೆಂದರೆ ರಥ ಬಿಚ್ಚಿ ತಟ್ಟೆ ಹಾಕಬೇಕು. ನೆಲದ ಮೇಲೆ ಬಣ್ಣ ಹರವಿದರೆ ಅತಿಥಿಗಳು ಬರುತ್ತಾರೆ. ಹೀಗಾಗಿ ನಮ್ಮ ಮಕ್ಕಳು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವನ್ನಷ್ಟೇ ಕೈಗೆತ್ತಿಕೊಳ್ಳಲು ಕಲಿತಿದ್ದಾರೆ. ಇದು ಸಣ್ಣ ವಿಷಯವಲ್ಲವೆಂದು ನಮಗೆ ಅನ್ನಿಸಿದ್ದು ತಡವಾಗಿ, ಅದೂ ಒಂದು ಕೌದಿಯಿಂದ.

ಕಳೆದ ಬೇಸಿಗೆಗೆ ಮೊದಲು ಧಾರವಾಡದಿಂದ ನಮ್ಮ ಅತ್ತೆಯವರು ಬಂದರು. ವಿಸಿಟ್ ವೀಸಾದ ದಿನಗಳು ಎಣಿಕೆಯವು. ಅವರ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಕಡಕ್ ರೊಟ್ಟಿಗಳ ಕೆಳಗೆ ಒಂದು ಗಂಟು ಹಳೆಯ ಸೀರೆ. ಮೊಮ್ಮಗಳಿಗೆ ಒಂದು ಕೌದಿ ಹೊಲಿದುಕೊಟ್ಟೇ ಹೋಗುವುದೆಂದು ಅವರ ಸಂಕಲ್ಪ. ದಕ್ಷಿಣದ ಜಿಲ್ಲೆಗಳ ಓದುಗರಿಗಾಗಿ ಒಂದು ಮಾತು: ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಉದ್ದಕ್ಕೂ ಒತ್ತೊತ್ತಾಗಿ ಕೈಹೊಲಿಗೆ ಹಾಕಿದರೆ ಅದೇ ಕೌದಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಕೌದಿಗಳು ಅಮೆರಿಕೆಯ ಪ್ರದರ್ಶನಗಳವರೆಗೂ ಹೋಗಿವೆ. ನಮ್ಮ ಅತ್ತೆಯವರದು ಅಷ್ಟು ದೊಡ್ಡ ಕಲೆಯೇನಲ್ಲ. ಆದರೆ ಕೌದಿಯ ನಿಯಮ ಎಲ್ಲರಿಗೂ ಒಂದೇ. ಪದರುಗಳು ಹಾಸಿದಲ್ಲೇ ಇರಬೇಕು.

ನಮ್ಮ ಮನೆ ಸಾಲ್ಮಿಯಾದಲ್ಲಿ, ಎರಡು ಮಲಗುವ ಕೋಣೆಗಳದು. ಹಾಲ್‌ನಲ್ಲಿ ಹಾಸಿದ ಕೌದಿಯನ್ನು ದಿನವೂ ರಾತ್ರಿ ಮಡಚಿ ಬೆಳಗ್ಗೆ ಮತ್ತೆ ಬಿಡಿಸಬೇಕಾಯಿತು. ನಾಲ್ಕನೆಯ ದಿನ ಅತ್ತೆಯವರು ಸೂಜಿ ಕೆಳಗಿಟ್ಟರು. “ಹಾಸಿದ ಕೌದಿ ಮಡಚಿದ್ರ ಒಳಗಿನ ಪದರು ಸರೀತಾವ್ರಿ. ನಿನ್ನಿ ಹೊಲದದ್ದು ಇವತ್ತ ಬಿಚ್ಚೂದು ಆತು. ಅದನ್ನ ಹಂಗ ಬಿಡ್ರಿ, ಇಲ್ಲಾಂದ್ರ ಬ್ಯಾಡ ಬಿಡ್ರಿ,” ಎಂದರು. ಅಂದಿನಿಂದ ಗಂಟು ಮತ್ತೆ ಪೆಟ್ಟಿಗೆ ಸೇರುವ ಲಕ್ಷಣ ಕಾಣಿಸಿತು.

ಆಗ ನಾವು ಒಂದು ಕೈಕೆಲಸದ ಜಾಗ ಮಾಡಲೇಬೇಕೆಂದು ಹೊರಟೆವು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಬಾಡಿಗೆ ಮನೆ. ದುಬಾರಿ ಸಾಮಾನು ಕೊಳ್ಳುವ ಮನಸ್ಸೂ ಇಲ್ಲ. ಇಕಾಮಾ ಇರುವವರೆಗೆ ತಾನೆ ನಮ್ಮ ವಾಸ? ಈ “ನಾಳೆ ಹೊರಡುವವರು ನಾವು” ಎಂಬ ಲೆಕ್ಕದಲ್ಲಿ ವರ್ಷಗಳನ್ನು ಕಳೆದ ಸಂಸಾರಗಳು ನಮ್ಮ ಸಂಘದಲ್ಲಿ ಎಷ್ಟಿಲ್ಲ!

ಶುಕ್ರವಾರ ಬೆಳಗ್ಗೆ ಅಲ್-ರಾಯ್‌ನ ಸೂಕ್ ಅಲ್-ಜುಮಾಕ್ಕೆ ಹೋದೆವು. ಹಳೆಯ ಕುರ್ಚಿ, ರತ್ನಗಂಬಳಿ, ಹೊಲಿಗೆಯಂತ್ರ, ಯಾರದೋ ಮದುವೆಯ ಫೋಟೋದ ಚೌಕಟ್ಟು, ಎಲ್ಲವೂ ಅಲ್ಲಿ ಸಿಗುತ್ತವೆ. ನಾವು ಆರಿಸಿದ್ದು ಒಂದು ಹಳೆಯ ಫ್ಲಷ್ ಬಾಗಿಲು: ಎರಡು ಮೀಟರ್ ಉದ್ದ, 80 ಸೆಂಟಿಮೀಟರ್ ಅಗಲ, ನುಣುಪಾದ ಮೈ. ಚೌಕಾಸಿ ಮಾಡಿ ಎರಡೂವರೆ ದಿನಾರಿಗೆ ಗಿಟ್ಟಿಸಿಕೊಂಡು ಬೀಗಿದೆವು. ಮನೆಗೆ ತರಲು ಹಾಫ್ ಲಾರಿಯವನು ಐದು ದಿನಾರು ತೆಗೆದುಕೊಂಡ. ಜೊತೆಗೆ ಆರು ದಿನಾರು ಕೊಟ್ಟು ಎರಡು ಮಡಚುವ ಸ್ಟ್ಯಾಂಡುಗಳನ್ನು ತಂದು, ಅವುಗಳ ಮೇಲೆ ಬಾಗಿಲನ್ನು ಮಲಗಿಸಿದರೆ ಅಂದವಾದ ಮೇಜು ಸಿದ್ಧವಾಯಿತು. ಸಂಜೆ ಅತ್ತೆಯವರನ್ನು ಕರೆದು ಕುರ್ಚಿಯ ಮೇಲೆ ಕೂರಿಸಿದೆವು. ಅವರು ಎರಡು ನಿಮಿಷ ಕುಳಿತು ಇಳಿದುಬಿಟ್ಟರು. ಕಾಲು ಇಳಿಬಿಟ್ಟು ಕೌದಿ ಹೊಲಿಯುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ಅಲ್ಲದೆ ಮೇಜು ಬಂದಮೇಲೆ ಹಾಲ್‌ನಲ್ಲಿ ನಡೆದಾಡಲು ಅಡ್ಡಡ್ಡ ತಿರುಗಬೇಕಾಯಿತು. ಪಿಎಚ್‌ಡಿ ಪಡೆದವರ ಯೋಜನೆ ಒಂದು ಸಂಜೆಯೂ ಬಾಳಲಿಲ್ಲ.

ದಾರಿ ತೋರಿಸಿದ್ದು ಈ ದೇಶದ ಹೆಂಗಸರೇ. ಗಲ್ಫ್ ರಸ್ತೆಯಲ್ಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಮೀಪ ಬೈತ್ ಅಲ್-ಸದು ಎಂಬ ಮನೆಯಿದೆ. ಬದೂ ಹೆಂಗಸರ ನೇಯ್ಗೆ ಕಣ್ಮರೆಯಾಗಬಾರದೆಂದು 1979ರಲ್ಲಿ ಆರಂಭವಾದ ಪ್ರಯತ್ನದ ನೆಲೆ ಅದು. 2020ರಲ್ಲಿ ಯುನೆಸ್ಕೋ ಸದು ನೇಯ್ಗೆಯನ್ನು ಕುವೈತ್ ಮತ್ತು ಸೌದಿ ಅರೇಬಿಯಾಗಳ ಹೆಸರಿನಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅತ್ತೆಯವರಿಗೆ ಊರು ತೋರಿಸುವ ನೆಪದಲ್ಲಿ ಅಲ್ಲಿಗೆ ಹೋಗಿದ್ದೆವು. ಸದುವಿನ ಮಗ್ಗ ನೆಲದ ಮೇಲೆ ಮಲಗಿರುವ ಮಗ್ಗ. ನಾಲ್ಕು ಗೂಟ, ಎರಡು ಅಡ್ಡ ಕೋಲು, ಕುರಿಯ ಉಣ್ಣೆ, ಒಂಟೆಯ ಕೂದಲು, ಹೊಕ್ಕನ್ನು ಬಿಗಿಯಲು ಒಂದು ಜಿಂಕೆಯ ಕೊಂಬು, ಇಷ್ಟೇ ಬಂಡವಾಳ. ಡೇರೆ ಕಿತ್ತು ಹೊರಡುವ ದಿನ ಬಂದರೆ ಗೂಟ ಕೀಳುವುದು, ಅರ್ಧ ನೇಯ್ದ ಬಟ್ಟೆಯನ್ನು ಕೋಲುಗಳ ಸಮೇತ ಸುರುಳಿ ಸುತ್ತಿ ಒಂಟೆಯ ಮೇಲೆ ಹೇರುವುದು, ಮುಂದಿನ ಬೀಡಿನಲ್ಲಿ ನಿಂತಲ್ಲಿಂದಲೇ ಮುಂದುವರಿಸುವುದು. ನಮಗಿಂತ ಹೆಚ್ಚು ಮನೆ ಬದಲಾಯಿಸಿದವರು ಅವರು. ಆದರೂ “ನಾಳೆ ಹೊರಡುವವರು” ಎಂದು ನೇಯ್ಗೆ ಬಿಟ್ಟಿರಲಿಲ್ಲ.

ದಾರಿಯಲ್ಲಿ ಕಾರಿನಲ್ಲೇ ಉಪಾಯ ಹೊಳೆಯಿತು. ಕೆಲಸವನ್ನು ಮಡಚುವ ಬದಲು, ಕೆಲಸ ಇದ್ದ ನೆಲವನ್ನೇ ಸರಿಸಿದರಾಯಿತು. ಬಾಗಿಲಿಗೆ ಕಾಲಿನ ಬದಲು ಚಕ್ರ ಹಾಕಿ, ಕೌದಿಯ ಸಮೇತ ಮಂಚದ ಕೆಳಗೆ ತಳ್ಳುವುದು.

ಇದನ್ನು ಮಾಡಬಯಸುವವರಿಗೆ ನಾವು ಪಟ್ಟ ಪಾಡನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಮೊದಲು ಮಂಚದ ಕಾಲುಗಳ ನಡುವಿನ ಅಂತರವನ್ನೂ ನೆಲದಿಂದ ಎತ್ತರವನ್ನೂ ಅಳೆಯಿರಿ, ಬಾಗಿಲು ಕೊಳ್ಳುವುದು ಆಮೇಲೆ. ನಾವು ತಲೆಕೆಳಗು ಮಾಡಿದ್ದರಿಂದ ಬಾಗಿಲನ್ನು 20 ಸೆಂಟಿಮೀಟರ್ ಕೊಯ್ಯಬೇಕಾಯಿತು. ಕೊಯ್ದು ನೋಡಿದರೆ ಒಳಗೆ ಬರೀ ಜೇನುಗೂಡಿನಂಥ ರಟ್ಟು! ಫ್ಲಷ್ ಬಾಗಿಲುಗಳ ಅಂಚಿನಲ್ಲಿ ಮಾತ್ರ ಮರವಿರುತ್ತದೆ, ಹೊಟ್ಟೆ ಟೊಳ್ಳು. ಚಕ್ರದ ತಿರುಪುಮೊಳೆ ಅಲ್ಲಿ ಹಿಡಿಯುವುದಿಲ್ಲ. ನಮ್ಮ ಮೊದಲ ಚಕ್ರ ಅರ್ಧ ಗಂಟೆಯಲ್ಲಿ ಕಿತ್ತುಬಂತು. ಆಮೇಲೆ ಕೆಳಮೈಗೆ ಅಡ್ಡಲಾಗಿ ಎರಡು ಮರದ ಪಟ್ಟಿಗಳನ್ನು ಅಂಚಿನಿಂದ ಅಂಚಿಗೆ ಕೂರಿಸಿ, ಬಿಳಿ ಅಂಟು ಬಳಿದು, ಅಂಚಿನ ಮರಕ್ಕೆ ತಿರುಪು ಬಿಗಿದು, ಆ ಪಟ್ಟಿಗಳಿಗೆ ಚಕ್ರ ಹಾಕಿದೆವು. ಚಕ್ರಗಳಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ, ಇಲ್ಲದಿದ್ದರೆ ಹೊಲಿಯುವವರ ಮುಂದೆ ಹಲಗೆ ಓಡಾಡುತ್ತದೆ. ಮಂಚದ ಕೆಳಗೆ 18 ಸೆಂಟಿಮೀಟರ್ ಇತ್ತು. ಮಂಚದ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು 23 ಮಾಡಿದೆವು. ಹೊರಗೆಳೆದರೆ ನೆಲದ ಮೇಲೆ ಕುಳಿತು ಕೆಲಸ ಮಾಡಲು ಹಿತವಾದ ಹಲಗೆ. ರಾತ್ರಿ ಮೇಲೊಂದು ಹಳೆಯ ಚಾದರ ಹೊದಿಸಿ ಒಳಗೆ ತಳ್ಳಿದರೆ ತೂಜ್ ಬೀಸಿದ ದಿನವೂ ಕೌದಿಗೆ ಧೂಳಿಲ್ಲ. ಅಗಲದಲ್ಲಿ ಕೌದಿ ಹಲಗೆಯಿಂದ ಒಂದಿಷ್ಟು ಹೊರಚಾಚುತ್ತಿತ್ತು. ಹೊಲಿದು ಮುಗಿದ ಅಂಚನ್ನೇ ಆ ಕಡೆ ಇಟ್ಟು ಮಡಚಿದ್ದರಿಂದ ಪದರು ಸರಿಯಲಿಲ್ಲ.

ಖರ್ಚಿನ ಲೆಕ್ಕ: ಬಾಗಿಲು 2.500, ಹಾಫ್ ಲಾರಿ 5, ಸ್ಟ್ಯಾಂಡುಗಳು 6, ಚಕ್ರ 3, ಪಟ್ಟಿ ಮತ್ತು ತಿರುಪು 1.250, ಒಂದು ಎಲ್‌ಇಡಿ ದೀಪ 3.500, ಬಾಗಿಲ ಹಿಂದೆ ನೇತುಹಾಕುವ ಜೇಬುಗಳ ಬಟ್ಟೆ 1.500, ಮುಚ್ಚಳವಿರುವ ಪಾರದರ್ಶಕ ಡಬ್ಬಿ ಮೂರು 2.250. ಒಟ್ಟು 25 ದಿನಾರು. ಅದರಲ್ಲಿ ಸ್ಟ್ಯಾಂಡುಗಳ ಆರು ದಿನಾರು ನಮ್ಮ ಅವಸರಕ್ಕೆ ತೆತ್ತ ದಂಡ. ಗುಂಡಿ, ದಾರ, ಮಣಿಗಳಿಗೆ ನಿಡೋ ಡಬ್ಬಿಗಳಿವೆ. ರಟ್ಟು ಬೇಕಾದರೆ ಜಮಿಯಾದವರು ಖಾಲಿ ಪೆಟ್ಟಿಗೆ ಕೊಡುತ್ತಾರೆ. ದೀಪದಲ್ಲಿ ಮಾತ್ರ ಜಿಪುಣತನ ಬೇಡ. ಬಿಸಿಲಿಗೆ ಹೆದರಿ ಕಿಟಕಿಗೆ ಬೆಳ್ಳಿಹಾಳೆ ಅಂಟಿಸಿರುವ ಮನೆಗಳಲ್ಲಿ ನೀಲಿ ದಾರವೂ ಕಪ್ಪು ದಾರವೂ ಒಂದೇ ಆಗಿ ಕಾಣುತ್ತವೆ.

ಇನ್ನು ನಮ್ಮ ಕಸುಬಿನ ಮಾತು. ಓದುಗರು ಬೇರೇನು ಮರೆತರೂ ಇದನ್ನು ಮರೆಯಬಾರದು. ಒಂದು ವರ್ಷ ರಾಜ್ಯೋತ್ಸವದ ನಾಟಕಕ್ಕೆ ಕಿರೀಟಗಳಿಗೆ ಚಿನ್ನದ ಬಣ್ಣ ಹೊಡೆಯಬೇಕಿತ್ತು. ಪ್ರಯೋಗಶಾಲೆಯಲ್ಲಿ ಫ್ಯೂಮ್ ಹುಡ್ ಇಲ್ಲದೆ ಒಂದು ಸೀಸೆಯ ಬಿರಡೆ ತೆಗೆಯದ ನಾವು, ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಸ್ಪ್ರೇ ಡಬ್ಬಿ ಒತ್ತಿದೆವು. ಹತ್ತು ನಿಮಿಷದಲ್ಲಿ ತಲೆ ಸುತ್ತಿತು. ವಾಸನೆ ಎಕ್ಸಾಸ್ಟ್ ಕೊಳವೆಯಿಂದ ಮೇಲಿನ ಮನೆಗೆ ಹೋಗಿ, ಅವರು ಹಾರಿಸ್‌ಗೆ ಹೇಳಿ, ಅವನು ಬಾಗಿಲು ತಟ್ಟಿದ. ಅವನ ಮುಂದೆ ನಿಂತಾಗಲೇ ನಮಗೆ ನಮ್ಮ ವಿದ್ಯೆ ನೆನಪಿಗೆ ಬಂದದ್ದು. ಆ ಡಬ್ಬಿಯೊಳಗಿನ ಅನಿಲ ಬಹುಪಾಲು ನಮ್ಮ ಒಲೆಯ ಗ್ಯಾಸಿನ ಜಾತಿಯದೇ. ಫ್ಯಾನಿನ ಒಂದು ಕಿಡಿ ಸಾಕಿತ್ತು.

ಎಸಿ ಹಾಕಿ ಕಿಟಕಿ ಮುಚ್ಚಿದ ಮನೆ ಎಂದರೆ ಮುಚ್ಚಿದ ಸೀಸೆ. ರಬ್ಬರ್ ಅಂಟು, ತಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಇವುಗಳ ಆವಿ ಗಾಳಿಗಿಂತ ಭಾರ. ಅದು ಮೇಲೇರದೆ ನೆಲದ ಮೇಲೆ ನೀರಿನಂತೆ ಹರಡುತ್ತದೆ. ನೆಲದ ಮೇಲೆ ಇರುವುದು ಯಾರು? ಮಕ್ಕಳು. ಮತ್ತೆ ಅವರ ಪಕ್ಕದಲ್ಲಿ ಎಕ್ಸ್‌ಟೆನ್ಷನ್ ಬಾಕ್ಸು. ಕೆಲವು ರಬ್ಬರ್ ಅಂಟುಗಳಲ್ಲಿ ಹೆಕ್ಸೇನ್ ಇರುತ್ತದೆ. ಅದನ್ನು ಬಹುಕಾಲ ಉಸಿರಾಡಿದ ಚಪ್ಪಲಿ ಕಾರ್ಖಾನೆಯ ಕೆಲಸಗಾರರ ಕೈಕಾಲುಗಳ ನರಗಳು ಸೋತದ್ದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಆದ್ದರಿಂದ ನಮ್ಮ ಮಂಚದ ಕೆಳಗಿನ ಹಲಗೆಯ ಮೇಲೆ ನೀರಿನಲ್ಲಿ ಕರಗುವ ಬಣ್ಣ, ಫೆವಿಕಾಲ್‌ನಂಥ ಬಿಳಿ ಅಂಟು, ಸೂಜಿ, ದಾರ, ಬಟ್ಟೆ, ಕಾಗದ ಇವಕ್ಕೆ ಮಾತ್ರ ಪ್ರವೇಶ. ಸ್ಪ್ರೇ ಡಬ್ಬಿಯನ್ನು ಕಾರಿನಲ್ಲಿಟ್ಟರಾಯಿತು ಎನ್ನುವವರಿದ್ದಾರೆ. 50 ಡಿಗ್ರಿ ಮೀರಿದ ಶಾಖಕ್ಕೆ ಒಡ್ಡಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನಮ್ಮ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ನೆರಳಿನಲ್ಲೇ 53.9 ಡಿಗ್ರಿ ದಾಖಲಾಗಿತ್ತು. ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಎಷ್ಟಿರುತ್ತದೆಂದು ನೀವೇ ಊಹಿಸಿ.

ಸೂಪರ್ ಗ್ಲೂ ಬಗ್ಗೆ ಒಂದು ಮಾತು, ಏಕೆಂದರೆ ಹೊಲಿಗೆಯವರಿಗೆ ಇದು ಗೊತ್ತಿರುವುದಿಲ್ಲ. ಚೆಲ್ಲಿದ ಸೂಪರ್ ಗ್ಲೂವನ್ನು ಹತ್ತಿಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಾಗಿದೊಡನೆ ಅದು ರಭಸದಿಂದ ಗಟ್ಟಿಯಾಗುತ್ತ ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು. ಪ್ಲಾಸ್ಟಿಕ್ ಹಾಳೆಯಿಂದ ಬಳಿದು ತೆಗೆಯಿರಿ. ಇಸ್ತ್ರಿಪೆಟ್ಟಿಗೆಯನ್ನು ಎಕ್ಸ್‌ಟೆನ್ಷನ್‌ಗೆ ಹಾಕದೆ ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿ. ಊರಿಂದ ತಂದ ದುಂಡು ಪಿನ್ನಿನ ಸಾಮಾನನ್ನು ಇಲ್ಲಿಯ ಚೌಕ ಪಿನ್ನಿನ ಸಾಕೆಟ್ಟಿಗೆ ಪೆನ್ಸಿಲ್ ಒತ್ತಿ ತುರುಕುವ ಜಾಣತನ ಬಿಡಿ.

ಮನೆಯಲ್ಲಿ ಜಾಗವಿಲ್ಲವೆಂದು ಮೆಟ್ಟಿಲ ಬಳಿ ಹಲಗೆ, ರಟ್ಟು ಒಟ್ಟುವುದನ್ನು ನಾವೂ ಮಾಡಿದ್ದೇವೆ. 2024ರ ಜೂನ್ 12ರ ನಂತರ ಮಾಡಿಲ್ಲ. ಅಂದು ಮಂಗಾಫ್‌ನ ಕಟ್ಟಡದಲ್ಲಿ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯ ಕೆಲಸಗಾರರು ತೀರಿಕೊಂಡರು, ಹೆಚ್ಚಿನವರು ಹೊಗೆಯಿಂದ. ಮೆಟ್ಟಿಲು ಖಾಲಿ ಇರಲಿ.

ಹಲಗೆ ಸಿದ್ಧವಾದ ದಿನ ಅತ್ತೆಯವರು ಪದರುಗಳನ್ನು ಹಾಸಿ, ಉದ್ದುದ್ದ ಹೊಲಿಗೆ ಹಾಕಿ ನಿಲ್ಲಿಸಿ, ಮಧ್ಯಾಹ್ನದಿಂದಲೇ ಕೆಲಸ ಶುರುಮಾಡಿದರು. ಒಳಗಿನ ಪದರಿಗೆ ಅವರ ಇಳಕಲ್ ಸೀರೆಯ ಒಡಲು ಹೋಯಿತು. ಮಗಳು ಶಾಲೆಯಿಂದ ಬಂದು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಡುವಳು. ಅಜ್ಜಿಯ ಕಣ್ಣಿಗೆ ಅದೊಂದು ಆಗುತ್ತಿರಲಿಲ್ಲ. ಎರಡನೆಯ ವಾರ ಅವಳ ಕೈಗೂ ಒಂದು ಸೂಜಿ ಬಂತು. ಕೌದಿಯಿಲ್ಲದ ಹೊತ್ತಿನಲ್ಲಿ ಹಲಗೆಯ ಒಂದು ತುದಿಯಲ್ಲಿ ಅವಳ ದಸರಾ ಗೊಂಬೆಗಳ ಮೆಟ್ಟಿಲು ಏಳತೊಡಗಿತು. ಅದಕ್ಕೆ ಐದು ವಾರ ಹಿಡಿಯಿತು. ಅಷ್ಟು ದಿನದ ಕೆಲಸವನ್ನು ಅವಳು ಹಿಂದೆಂದೂ ಹಿಡಿದವಳಲ್ಲ.

ಕೌದಿ ಮುಗಿಯಲಿಲ್ಲ. ವೀಸಾ ಮುಗಿಯಿತು. ಸುಮಾರು ಮೂರರಲ್ಲಿ ಒಂದು ಪಾಲು ಉಳಿದಿತ್ತು. ವಿಮಾನ ನಿಲ್ದಾಣಕ್ಕೆ ಹೊರಡುವ ಮುಂಚೆ ಅತ್ತೆಯವರು ಹಲಗೆಯನ್ನು ತಾವೇ ಒಳಗೆ ತಳ್ಳಿ, ಚಾದರ ಸರಿಮಾಡಿದರು. ಈಗ ಮಗಳು ಗುರುವಾರ ರಾತ್ರಿಗಳಲ್ಲಿ ಅದನ್ನು ಹೊರಗೆಳೆದು ಹೊಲಿಯುತ್ತಾಳೆ. ಅಜ್ಜಿಯ ಹೊಲಿಗೆ ಅಕ್ಕಿಕಾಳಿನಷ್ಟು, ಇವಳದು ಶೇಂಗಾ ಬೀಜದಷ್ಟು. ಎಲ್ಲಿ ಒಂದು ನಿಂತು ಇನ್ನೊಂದು ಆರಂಭವಾಯಿತೆಂದು ಕನ್ನಡಕವಿಲ್ಲದೆಯೂ ಕಾಣುತ್ತದೆ. ಬಿಚ್ಚಿ ಮತ್ತೆ ಹೊಲಿಯಲೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದಳು. “ಬಿಚ್ಚಬ್ಯಾಡವಾ, ಹಂಗ ಮುಂದ ಹೋಗು,” ಎಂದು ಉತ್ತರ ಬಂತು.

ಆ ಎರಡು ಮಡಚುವ ಸ್ಟ್ಯಾಂಡುಗಳು ಹೊಸದಾಗಿಯೇ ನಮ್ಮ ಮನೆಯಲ್ಲಿವೆ. ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವ ಸದಸ್ಯರು ಯಾರಾದರೂ ಇದ್ದರೆ ಶುಕ್ರವಾರ ಸಂಜೆ ಬಂದು ಒಯ್ಯಬಹುದು. ಹಣ ಬೇಡ. ಬರುವಾಗ ಒಂದು ಹಳೆಯ ನೂಲಿನ ಸೀರೆ ತನ್ನಿ. ಕೌದಿಯ ಕೊನೆಯ ಅಂಚಿಗೆ ನಮ್ಮಲ್ಲಿ ಬಟ್ಟೆ ಸಾಲದಾಗಿದೆ.